ಯಾವ ಕಡೆಗೂ ವಾಲದವಳು

“ನನ್ನ ಹೆಂಡತಿ ಕಡೆ ವಕೀಲರಿಗೆ ಮನೇಲಿ ಕಾಯೋರು ಯಾರಾದ್ರೂ ಇದ್ದಾರಾ, ಮೇಡಂ?”

ಕಾಂಟ್ರಾಕ್ಟರ್ ನಗುನಗುತ್ತಲೇ ಕೇಳಿದ. ಅವನ ಕಡೆಯ ವಕೀಲರು ಫೋನ್ ಬಂತೆಂದು ಆಗಷ್ಟೇ ಹೊರಗೆ ಹೋಗಿದ್ದರು. ಮೇಡಂ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

“ಯಾಕೆ ಕೇಳ್ತಿದ್ದೀರಿ?”

“ಏನಿಲ್ಲ... ಸಂಜೆ ಬೈಕಲ್ಲಿ ಒಬ್ರೇ ಸೇತುವೆ ದಾಟಿ ಹೋಗ್ತಾರಲ್ಲ. ಅಲ್ಲಿ ಲಾರಿಗಳು ಜಾಸ್ತಿ. ಪಾಪ, ಅದಕ್ಕೇ ಕೇಳ್ದೆ.” ಅವನು ಕುರ್ಚಿಗೆ ಒರಗಿದ. “ಈ ರೂಮಲ್ಲಿ ಆಡಿದ ಮಾತು ಆ ರೂಮಿಗೆ ಹೋಗಲ್ಲ ಅಂತ ನೀವೇ ಹೇಳಿದ್ರಿ, ಅಲ್ವಾ?”

ಅವಳ ಎದೆ ಝಲ್ಲೆಂದಿತು!

ಹಾಗೆ ನೋಡಿದರೆ ಅವಳೇನು ಹೆದರುಪುಕ್ಕಲಿಯಲ್ಲ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ವಾದಿಸಿದವಳು. ಸುಳ್ಳು ಸಾಕ್ಷಿಗಳ ಮಾತನ್ನು ತುಂಡುತುಂಡು ಮಾಡುತ್ತಿದ್ದ ಪರಿಗೆ ‘ಕತ್ತರಿ ಮೇಡಂ’ ಎಂಬ ಹೆಸರೇ ಬಿದ್ದಿತ್ತು. ಈಗ ಮಧ್ಯಸ್ಥಿಕೆಯ ಕೆಲಸ. ಜಗಳವಾಡುವ ಎರಡು ಕಡೆಯವರನ್ನು ಎರಡು ಕೋಣೆಗಳಲ್ಲಿ ಕೂರಿಸಿ, ಒಬ್ಬೊಬ್ಬರ ಮಾತನ್ನೂ ಗುಟ್ಟಾಗಿ ಕೇಳಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ರಾಜಿ ಮಾಡಿಸಬೇಕು. ತನಗೆ ಬಂದ ಬೆದರಿಕೆಗಳಿಗೆ ಅವಳು ಎಂದೂ ಕ್ಯಾರೇ ಅಂದಿರಲಿಲ್ಲ.

ಆದರೆ ಇದು ತನಗೆ ಬಂದದ್ದಲ್ಲವಲ್ಲ!

ಪಕ್ಕದ ಕೋಣೆಯಲ್ಲಿ ಕಾಂಟ್ರಾಕ್ಟರನ ಹೆಂಡತಿ ಕೂತಿದ್ದಳು. ಗಂಡನಿಂದ ಬೇರೆಯಾಗಬೇಕು, ಮಗಳು ತನ್ನ ಜೊತೆಗಿರಬೇಕು, ಅವಳ ಬೇಡಿಕೆ ಇಷ್ಟೇ. ಅವಳ ಪರವಾಗಿ ನಿಂತ ವಕೀಲ, ಯಾರು ಎಷ್ಟೇ ಕೆಣಕಿದರೂ ಬಿಸಿಯಾಗದವನು. ವಕೀಲರೆಲ್ಲ ಅವನನ್ನು ‘ತಣ್ಣೀರು’ ಎಂದೇ ಕರೆಯುತ್ತಿದ್ದರು.

ವರ್ಷಗಟ್ಟಲೆ ಎದುರಾಳಿಗಳಾಗಿದ್ದ ಕತ್ತರಿಯೂ ತಣ್ಣೀರೂ ಕ್ಯಾಂಟೀನಿನ ಮೂಲೆಮೇಜಿನಲ್ಲಿ ಯಾವಾಗ ಒಟ್ಟಿಗೆ ಕಾಫಿ ಕುಡಿಯತೊಡಗಿದರೋ, ಅವರಿಗೇ ಗೊತ್ತಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಈ ಕೇಸು ಬಂದ ದಿನ ಅವಳು, ಯಾರ ಜೊತೆಗಾದರೂ ನಂಟಿದ್ದರೆ ಮೊದಲೇ ಹೇಳಬೇಕೆಂಬ ನಿಯಮದ ಪ್ರಕಾರ ಎಲ್ಲರ ಮುಂದೆ, “ಈ ವಕೀಲರು ನಂಗೆ ವೃತ್ತಿಯಿಂದ ಪರಿಚಯ, ಅಷ್ಟೇ” ಎಂದಿದ್ದಳು. ಅಂದಿನಿಂದ ಅವನು ಕ್ಯಾಂಟೀನಿನ ಕಡೆ ತಲೆ ಹಾಕಿರಲಿಲ್ಲ.

‘ನಾನು ಬೇಡವಾದೆ...’ ಎಂದು ಅವಳು ಒಳಗೊಳಗೇ ಕೊರಗಿದ್ದಳು. ಮನೆಯಲ್ಲಿ ಜೊತೆಗಿದ್ದ ಅಕ್ಕನಿಗೆ ನೋಡಿ ನೋಡಿ ಸಾಕಾಗಿತ್ತು. “ಊರವರ ಜಗಳ ಎಲ್ಲ ಬಿಡಿಸ್ತೀಯ, ನಿನ್ನ ಮನಸ್ಸಿನ ಗಂಟು ಬಿಡಿಸ್ಕೊಳೋಕೆ ಬರಲ್ವಲ್ಲೇ!” ಎಂದು ಬೈಯುತ್ತಿದ್ದಳು.

ಅವಳು ಕೋಣೆಯಿಂದ ಕಾರಿಡಾರಿಗೆ ಬಂದಳು. ಸೇತುವೆ... ಲಾರಿ... ಕಣ್ಣು ಮುಚ್ಚಿದರೆ ಅದೇ! ಪಕ್ಕದ ಕೋಣೆಯಲ್ಲಿದ್ದ ಆ ವಕೀಲನನ್ನು ಹೊರಗೆ ಕರೆದಳು.

“ಈ ಕೇಸ್ ಬಿಟ್ಬಿಡಿ.”

“ಏನಂದ್ರಿ?”

“ಯಾಕೆ ಅಂತ ಕೇಳ್ಬೇಡಿ. ಇವತ್ತೇ ಬಿಡಿ. ದಮ್ಮಯ್ಯ!”

ಕತ್ತರಿ ಮೇಡಂ ಬಾಯಲ್ಲಿ ದಮ್ಮಯ್ಯ! ಅವನು ಅವಳ ಮುಖವನ್ನೇ ನೋಡಿದ. ನೋಡನೋಡುತ್ತ ಅವನ ಮುಖ ಗಂಟಾಯಿತು.

“ನನ್ನ ಮುಖ ನೋಡೋದೇ ಕಷ್ಟ ಆಗ್ತಿದ್ರೆ ನೇರವಾಗಿ ಹೇಳಿ. ಆದ್ರೆ ಆ ತಾಯಿನ ನಡುನೀರಲ್ಲಿ ಕೈಬಿಡಿ ಅನ್ಬೇಡಿ. ನನಗಿಂತ ಮುಂಚೆ ಇಬ್ರು ವಕೀಲರು ಹೀಗೇ ಬಿಟ್ಟು ಹೋದ್ರು. ಯಾಕೆ ಅಂತ ಅವರೂ ಹೇಳ್ಲಿಲ್ಲ.”

ಅವನು ಒಳಗೆ ಹೋದ. ಅವಳು ಕಾರಿಡಾರಿನಲ್ಲೇ ಉಳಿದಳು.

‘ಇಬ್ಬರು... ಯಾಕೆಂದು ಹೇಳಲಿಲ್ಲ...’

ಅಯ್ಯೋ ದೇವರೇ! ಆ ಕಾಂಟ್ರಾಕ್ಟರ್ ಕೈಗೆ ಕೆಸರು ಹತ್ತಿಸಿಕೊಳ್ಳದೆ ಕೆಲಸ ಮಾಡಿಸಿಕೊಳ್ಳುವವನು. ಹೆದರಿಕೆಯೊಂದನ್ನು ಬಿತ್ತಿದರೆ ಸಾಕು, ಮಿಕ್ಕಿದ್ದನ್ನು ಹೆದರಿದವರೇ ಮಾಡಿ ಮುಗಿಸುತ್ತಾರೆ. ಈ ಸಲ ಅವನ ಕೆಲಸ ಮಾಡಿಕೊಟ್ಟವಳು ತಾನೇ! ಯಾವ ಕಡೆಗೂ ಕೂದಲೆಳೆಯಷ್ಟೂ ವಾಲದವಳು, ಪ್ರೀತಿಯ ಭಯಕ್ಕೆ ಆ ಹೆಂಗಸಿನ ಆಸರೆಯನ್ನೇ ಕೀಳಹೊರಟಿದ್ದಳು.

ಮೀನಮೇಷ ಎಣಿಸುತ್ತ ಕೂರುವ ಹೊತ್ತಲ್ಲ ಇದು. ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದಳು. ಕಾಂಟ್ರಾಕ್ಟರನ ವಕೀಲರೂ ಬಂದರು.

“ಮೊದಲನೇ ದಿನ ಒಂದು ಮಾತು ಹೇಳಿದ್ದೆ. ಗುಟ್ಟಿನ ಮಾತು ಕೋಣೆ ದಾಟಲ್ಲ, ಆದ್ರೆ ಜೀವ ಬೆದರಿಕೆ ಗುಟ್ಟಲ್ಲ ಅಂತ. ಇವತ್ತು ಇಲ್ಲೊಬ್ಬರು ಬೆದರಿಕೆ ಹಾಕಿದ್ದಾರೆ.”

ಅಷ್ಟು ಹೇಳಿ ಸುಮ್ಮನಾದಳು. ಯಾರ ಹೆಸರನ್ನೂ ಎತ್ತಲಿಲ್ಲ. ಸಾಕ್ಷಿಯ ಬಾಯಿ ಬಿಡಿಸಲು ಪ್ರಶ್ನೆಗಿಂತ ಮೌನವೇ ವಾಸಿ ಎಂಬುದು ಅವಳು ಕಟಕಟೆಯ ಮುಂದೆ ಕಲಿತ ವಿದ್ಯೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರುತ್ತಾನೆಯೇ?

“ರೀ, ನಾನೇನಂದೆ? ಬೈಕು, ಲಾರಿ ಅಂತ ಸುಮ್ನೆ ಹೇಳ್ದೆ!” ಕಾಂಟ್ರಾಕ್ಟರ್ ಎದ್ದುನಿಂತ. “ಹಿಂದಿನ ಇಬ್ರಿಗೂ ಅಷ್ಟೇ ಹೇಳಿದ್ದು. ಅವರೇನು ಕಂಪ್ಲೇಂಟ್ ಕೊಟ್ರಾ?”

ಅವನ ವಕೀಲರೇ ತಲೆ ಹಿಡಿದುಕೊಂಡರು. “ಸ್ವಾಮೀ, ದಯವಿಟ್ಟು ಬಾಯಿ ಮುಚ್ಚಿ!”

“ಹಾಗಾದ್ರೆ ಅವರು ಬಿಟ್ಟುಹೋಗಿದ್ದು ಇದಕ್ಕಾ?” ಹೆಂಡತಿಯ ಧ್ವನಿ ಮೊದಲ ಸಲ ಏರಿತು.

“ಜಡ್ಜ್‌ಗೂ ಪೊಲೀಸರಿಗೂ ಈಗಲೇ ತಿಳಿಸ್ತೀನಿ. ಸಾಕ್ಷಿ ನಾನೇ. ಅದಕ್ಕೇ ಈ ಮಧ್ಯಸ್ಥಿಕೆಯಿಂದ ಹಿಂದೆ ಸರೀತಿದ್ದೀನಿ,” ಎಂದಳು ಮೇಡಂ. “ಇನ್ನೊಂದು ಕಾರಣನೂ ಇದೆ. ಅದನ್ನೂ ಎಲ್ಲರ ಮುಂದೆ ಹೇಳೋದು ನಿಯಮ.”

ಲಾರಿಗಿಂತ, ಕಾಂಟ್ರಾಕ್ಟರನಿಗಿಂತ ದೊಡ್ಡ ಭಯ ಈಗ ಎದುರಿಗಿತ್ತು. ತಣ್ಣೀರು ‘ಇಲ್ಲ’ ಎಂದುಬಿಟ್ಟರೆ?

“ಈ ವಕೀಲರು ನಂಗೆ ಬರೀ ಪರಿಚಯ ಅಂದಿದ್ದೆ. ಅದು ಸುಳ್ಳು. ಅವರಿಗೇನಾದ್ರೂ ಆದ್ರೆ ನಾನು ಉಳಿಯಲ್ಲ. ನಾನು... ನಾನು ಅವರನ್ನ ಪ್ರೀತಿಸ್ತೀನಿ.”

ತಣ್ಣೀರಿನ ಕೈಯಿಂದ ಫೈಲು ದೊಪ್ಪನೆ ಬಿತ್ತು. ಕಾಂಟ್ರಾಕ್ಟರನ ವಕೀಲರು ಅಭ್ಯಾಸಬಲದಿಂದ ಪೆನ್ನು ತೆಗೆದರು.

“ಇದನ್ನೂ... ಬರ್ಕೋಬೇಕಾ ಮೇಡಂ?”

“ಬರ್ಕೊಳ್ಳಿ!”

ದೂರು ದಾಖಲಾಯಿತು. ಪೊಲೀಸರು ಕಾಂಟ್ರಾಕ್ಟರನನ್ನು ವಿಚಾರಣೆಗೆ ಕರೆದೊಯ್ದರು. ಹೆಂಡತಿ, ಇನ್ನು ರಾಜಿಯ ಮಾತೇ ಬೇಡ, ಕೋರ್ಟಿನಲ್ಲೇ ನೋಡಿಕೊಳ್ಳುತ್ತೇನೆ ಎಂದು ತಲೆಯೆತ್ತಿ ನಡೆದಳು. ಮೆಟ್ಟಿಲ ಮೇಲೆ ಉಳಿದವರು ಇವರಿಬ್ಬರೇ.

“ಕ್ಯಾಂಟೀನಿಗೆ ಯಾಕೆ ಬರ್ಲಿಲ್ಲ ನೀವು?” ಅವಳೇ ಕೇಳಿದಳು.

“ನಿಮ್ಮ ಜೊತೆ ಕೂತಿದ್ದು ಯಾರಾದ್ರೂ ನೋಡಿ, ಮೇಡಂ ಒಂದು ಕಡೆ ವಾಲಿದ್ರು ಅಂದ್ರೆ? ನಿಮ್ಮ ಹೆಸರು ಹಾಳಾಗತ್ತೆ ಅಂತ ಭಯ.”

“ಅದನ್ನೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳೋಕೆ ಬಂದಿದ್ರೆ ಎಲ್ಲಾ ಹೇಳ್ಬಿಡ್ತಿದ್ದೆ. ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ಅನ್ನೋದನ್ನೂ.”

ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಲೇ ಬಂತು. ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು.

“ಕೇಸ್ ಬಿಡಲ್ವಾ?”

“ಬಿಡಲ್ಲ.”

“ಬಿಡ್ಬೇಡಿ... ಆದ್ರೆ ನೀವು ಬರೋದು ಸ್ವಲ್ಪ ತಡ ಆದ್ರೂ ನಾನು ಹೆದರ್ಕೊಂಡೇ ಇರ್ತೀನಿ. ನಂಗೆ ಈ ಭಯ ಹೋಗಲ್ಲ ರೀ.”

ಅವನು ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡ.

“ಹೆದರು. ಆದ್ರೆ ಇನ್ಮೇಲೆ ಒಬ್ಬಳೇ ಹೆದರ್ಬೇಡ. ನಂಗೂ ಅರ್ಧ ಕೊಡು.”

“ಹೂಂ... ಕೊಡ್ತೀನಿ,” ಎಂದಳು ಅವಳು.