ಸೊಂಟಮಟ್ಟದ ನೀರಿಗೆ ಟ್ಯೂಬ್ ಎಸೆದವನು

"ನೋಡ್ತಾ ನಿಂತಿದ್ದೀಯಲ್ಲ... ಇಳಿದು ಕೈ ಹಿಡ್ಕೋ!"

ಜೆನೀಲ್ ಕೂಗಿದ್ದು ಇಡೀ ದೋಣಿಗೆ ಕೇಳಿಸಿತ್ತು. ನಾಲ್ಕು ವರ್ಷದ ಹಿಂದೆ, ಗೈಡ್ ಕೆಲಸಕ್ಕೆ ಸೇರಿದ ಮೊದಲ ದಿನವೇ ದೋಣಿಯ ಏಣಿಯಿಂದ ಜಾರಿ ಕಡಲಿಗೆ ಬಿದ್ದಿದ್ದಳು. ದೋಣಿ ನಡೆಸುವ ಕರ್ವಿನ್ ಇಳಿಯಲು ಒಂದು ಕಾಲು ಎತ್ತಿದವನು ಅವಳ ಮುಖ ನೋಡಿ ಹಾಗೇ ನಿಂತುಬಿಟ್ಟ. ಆಮೇಲೆ ರಬ್ಬರ್ ಟ್ಯೂಬ್ ಎಸೆದ!

ಸೊಂಟಮಟ್ಟದ ನೀರಿಗೆ ಟ್ಯೂಬ್! ಪ್ರವಾಸಿಗರು ಬಿದ್ದು ಬಿದ್ದು ನಕ್ಕಿದ್ದರು. ಆ ಅವಮಾನವನ್ನು ಅವಳು ಇನ್ನೂ ಮರೆತಿಲ್ಲ.

ಟೊಬೇಗೋ ದ್ವೀಪದ ಆ ಜಾಗವೇ ಹಾಗೆ. ಹವಳದ ದಿಬ್ಬ ದಾಟಿದ ಮೇಲೆ, ಕಡಲ ನಡುವೆಯೇ ಸೊಂಟಮಟ್ಟದ ತಿಳಿನೀರು, ಕಾಲಡಿ ಬಿಳಿ ಮರಳು. ಅಲ್ಲಿ ಕೈ ಹಿಡಿದು ನಿಂತ ಜೋಡಿ ಮತ್ತೆಂದೂ ಅಗಲುವುದಿಲ್ಲ ಎಂದು ಜೆನೀಲ್ ನಾಲ್ಕು ವರ್ಷದಿಂದ ದಿನಕ್ಕೆರಡು ಸಲ ಪ್ರವಾಸಿಗರಿಗೆ ಹೇಳುತ್ತಾ ಬಂದಿದ್ದಾಳೆ.

ಬೇರೆಲ್ಲ ಕಡೆ ಕರ್ವಿನ್ ಚೆನ್ನಾಗಿಯೇ ಇದ್ದ. ಹವಳದ ಹತ್ತಿರ ಅವಳ ಜೊತೆ ನೀರಿಗೆ ಧುಮುಕುತ್ತಿದ್ದ. ದಿನಾ ಬೆಳಿಗ್ಗೆ ಉಪ್ಪುಮೀನು ತುಂಬಿದ ಎರಡು ಬೇಕ್ ರೊಟ್ಟಿ ತಂದು, "ಜಾಸ್ತಿಯಾಯ್ತು" ಎಂದು ಒಂದನ್ನು ಅವಳ ಕಡೆ ತಳ್ಳುತ್ತಿದ್ದ. ಈ ಸೊಂಟಮಟ್ಟದ ನೀರಿನಲ್ಲಿ ಮಾತ್ರ, ಅವಳು ಇಳಿದ ಕೂಡಲೇ ಅವನಿಗೆ ಎಂಜಿನ್ ಒರೆಸುವ ಕೆಲಸ ನೆನಪಾಗುತ್ತಿತ್ತು.

'ನಾನು ಅಷ್ಟೊಂದು ಬೇಡವಾದವಳಾ...?'

ಬೇರೆ ದ್ವೀಪವಾದ ಬಾರ್ಬಡೋಸ್‌ನ ಹೋಟೆಲೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು. ಕರ್ವಿನ್ ಒಂದು ಮಾತು ಹೇಳಿ ತಡೆದರೆ ಸಾಕು, ಅವಳು ಹೋಗುವವಳಲ್ಲ. ಆದರೆ ಬೆಳಿಗ್ಗೆ ವಿಷಯ ಹೇಳಿದಾಗ ಅವನು "ಒಳ್ಳೇದು" ಎಂದಷ್ಟೇ ಹೇಳಿ ಹಗ್ಗ ಸುತ್ತಿದ್ದ. ಎಂಥ ಮೊದ್ದು ಗಂಡಸು!

ಇವತ್ತು ದೋಣಿಯಲ್ಲಿ ಇದ್ದವರು ಕೆನಡಾದ ಮುದುಕ ಮುದುಕಿ ಇಬ್ಬರೇ. ನೀರಿನಲ್ಲಿ ಗಂಡನ ಕೈ ಹಿಡಿದು ನಿಂತ ಅಜ್ಜಿ ಎದಿತ್ ಪಕ್ಕದಲ್ಲೇ ನೀರಿಗಿಳಿದಿದ್ದ ಜೆನೀಲ್‌ಗೆ ಹೇಳಿದರು:

"ಆ ಹುಡುಗನ್ನೂ ಕರಿಯಮ್ಮ, ನಿಮ್ಮಿಬ್ಬರ ಫೋಟೋ ತೆಗೀತೀನಿ."

"ಬೇಡ ಮೇಡಂ, ಇಲ್ಲಿ ನಾನು ಇಳಿಯಲ್ಲ," ಎಂದ ಕರ್ವಿನ್ ದೋಣಿಯ ಮೇಲಿನಿಂದಲೇ.

ಜೆನೀಲ್‌ಗೆ ತಡೆಯಲಾಗಲಿಲ್ಲ.

"ಯಾಕೆ? ನಾನಿರೋ ನೀರು ಗಲೀಜಾ?"

"ಹಾಗಲ್ಲ..."

"ಮತ್ತೆ ಹೇಗೆ? ನಾಲ್ಕು ವರ್ಷ ಕಣೋ! ಹೋಗ್ತಾ ಇದ್ದೀನಲ್ಲ, ಈಗಲಾದ್ರೂ ಬಾಯಿ ಬಿಡು!"

ಕರ್ವಿನ್ ಎಂಜಿನ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ.

"ಇಲ್ಲಿ ಒಟ್ಟಿಗೆ ನಿಂತವರು ಅಗಲಲ್ಲ ಅಂತ ನೀನೇ ಹೇಳ್ತೀಯಲ್ಲ."

"ಅದು ಟೂರಿಸ್ಟ್‌ಗಳಿಗೆ ಹೇಳೋ ಕಥೆ ಮಾರಾಯ!"

"ನಮ್ಮಪ್ಪ ಅಮ್ಮ ಇಲ್ಲೇ ನಿಂತಿದ್ರು, ಕೊನೇ ತನಕ ಅಗಲಲಿಲ್ಲ. ನನಗದು ಕಥೆ ಅಲ್ಲ. ನಿನ್ನ ಕೇಳದೇ, ಮೋಸದಲ್ಲಿ ಕಟ್ಟಿಹಾಕೋದು ತಪ್ಪು ಅನ್ನಿಸ್ತು."

ಜೆನೀಲ್ ನೀರಿನಲ್ಲೇ ಒಂದು ಹೆಜ್ಜೆ ದೋಣಿಯ ಕಡೆ ಇಟ್ಟಳು.

"ಅಂದ್ರೆ... ಮೊದಲನೇ ದಿನವೇ?"

"ಕಾಲು ಎತ್ತಿದ್ದೆ. ಅಷ್ಟರಲ್ಲಿ ನಿನ್ನ ಮುಖ ನೋಡ್ದೆ... ಟ್ಯೂಬ್ ಎಸೆದೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ನಾಲ್ಕು ವರ್ಷ ಎದೆಯಲ್ಲಿ ಕೂತಿದ್ದ ಸಿಟ್ಟು ಅದೇ ನೀರಿನಲ್ಲಿ ಕರಗಿಹೋಯಿತು.

"ಮತ್ತೆ ಬೆಳಿಗ್ಗೆ 'ಒಳ್ಳೇದು' ಅಂದಿದ್ಯಾಕೆ?"

"ದೊಡ್ಡ ಕೆಲಸ... ತಡೆಯೋಕೆ ನಾನ್ಯಾರು?"

"ತಡೀಬೇಡ. ಕೇಳೋಕೆ ಏನಾಗಿತ್ತು ನಿನಗೆ?"

ಕರ್ವಿನ್ ಏಣಿಯ ಕೊನೆಯ ಮೆಟ್ಟಿಲಿಗೆ ಬಂದು ನಿಂತ.

"ಈಗ ಕೇಳ್ತಿದ್ದೀನಿ. ಇಳೀಲಾ?"

ಜೆನೀಲ್ ತುಟಿ ಕಚ್ಚಿಕೊಂಡಳು. ಎದಿತ್ ಅಜ್ಜಿಯ ತಾಳ್ಮೆ ಮುಗಿದಿತ್ತು.

"ಬೇಗ ಹೇಳಮ್ಮ! ಈ ವಯಸ್ಸಲ್ಲಿ ಎಷ್ಟು ಹೊತ್ತು ನೀರಲ್ಲಿ ನಿಲ್ಲಲಿ?"

"ಇಳಿ," ಎಂದಳು ಜೆನೀಲ್ ಮೆಲ್ಲಗೆ. "ಟ್ಯೂಬ್ ಬೇಕಾದ್ರೆ ಎಸೀತೀನಿ."

ಅವನು ಇಳಿದ. ಅವಳೇ ಕೈ ಚಾಚಿದಳು. ಎಂಜಿನ್ ಎಣ್ಣೆ ಮೆತ್ತಿದ್ದ ಆ ಒರಟು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾಳೇನೂ ಬೇಕ್ ರೊಟ್ಟಿ ಎರಡು ತರಲಾ?" ಅವನು ಹೆದರುತ್ತಲೇ ಕೇಳಿದ.

"ತಾ. ಆದ್ರೆ 'ಜಾಸ್ತಿಯಾಯ್ತು' ಅಂತ ಸುಳ್ಳು ಹೇಳ್ಬೇಡ."

"ಮತ್ತೇನು ಹೇಳ್ಲಿ?"

"'ನಿನಗೇ ಅಂತ ತಂದೆ' ಅನ್ನು... ದಿನಾ!"