ಮರ್ವ್ ತೊಳೆಯದ ಕಪ್

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಫಿಸಿಕ್ಸ್ ಟೀಚರು, ದೆವ್ವ ಗಿವ್ವ ಅಂದರೆ ಉರಿದುಬೀಳುವವಳು.

ಬರ್ನಿ ಊರಿನ ನಮ್ಮ ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸಹಾಯಕನಾಗಿದ್ದ ಮರ್ವ್ ಸತ್ತು ಎರಡು ತಿಂಗಳಾಗಿತ್ತು. ಅವನ ಟೀ ಕಪ್ ಮಾತ್ರ ಸಿಂಕಿನ ಪಕ್ಕದಲ್ಲೇ ಇತ್ತು. ತೊಳೆದರೆ ರುಚಿ ಹೋಗುತ್ತದೆ ಅಂತ ಅದನ್ನು ಒಮ್ಮೆಯೂ ತೊಳೆದವನಲ್ಲ. ಒಳಗೆಲ್ಲ ಕಂದು ಕಿಟ್ಟ.

ಅವತ್ತು ಬೆಳಿಗ್ಗೆ ಮಕ್ಕಳಿಗೆ ಶ್ಲೀರೆನ್ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದೆ. ದೊಡ್ಡ ನಿಮ್ನ ದರ್ಪಣ, ಪುಟ್ಟ ದೀಪ, ಕ್ಯಾಮೆರಾದ ಮುಂದೊಂದು ಬ್ಲೇಡು ಇದ್ದರೆ ಕಣ್ಣಿಗೆ ಕಾಣದ ಬಿಸಿಗಾಳಿ ಪರದೆಯ ಮೇಲೆ ಹೊಗೆಯಂತೆ ಕಾಣುತ್ತದೆ. ಟೀ ಬಿಡುವಿಗೆ ಹತ್ತು ನಿಮಿಷವಿದ್ದಾಗ ಲಾಕಿ ಅನ್ನೋ ತರಲೆ ಹುಡುಗ ಮರ್ವ್‌ನ ಕಪ್ಪನ್ನು ತಂದು ದರ್ಪಣದ ಮುಂದಿಟ್ಟ.

ಪರದೆಯ ಮೇಲೆ ಆ ಖಾಲಿ ಕಪ್ಪಿನಿಂದ ಬಿಸಿ ಏಳುತ್ತಿತ್ತು. ಮುಟ್ಟಿ ನೋಡಿದೆ, ಮಂಜುಗಡ್ಡೆಯ ಹಾಗಿತ್ತು.

"ಮಿಸ್, ಯಾರೋ ಊದ್ತಿದಾರೆ," ಅಂದಳು ಕಿರಾ.

ಬಿಸಿ ಒಂದು ಕಡೆಗೆ ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ಬಾಗುತ್ತಿತ್ತು. ನಾವೆಲ್ಲ ಕ್ಯಾಮೆರಾದ ಹಿಂದೆ ನಿಂತಿದ್ದೆವು.

"ಲ್ಯಾಬಲ್ಲಿ ಟೀ ಕುಡೀಬಾರ್ದು ಅಂತ ಬೋರ್ಡ್ ಬರ್ದಿದ್ದೇ ಮರ್ವ್ ಅಲ್ವಾ?" ಅಂದ ಲಾಕಿ.

ನನಗೆ ರೇಗಿಹೋಯಿತು. "ನೋಡು ಮರ್ವ್, ಈ ಗಲೀಜು ಕಪ್ ಇವತ್ತೇ ಕಸಕ್ಕೆ ಹಾಕು ಅಂತ ಪ್ರಿನ್ಸಿಪಾಲರು ಹೇಳಿದಾರೆ. ಟೀ ಕುಡಿದು ಬಂದು ಎಸೀತೀನಿ," ಅಂದು ಮಕ್ಕಳನ್ನು ಹೊರಗಟ್ಟಿ ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ತೆಗೆದಾಗ ಕಪ್ ಸಿಂಕಿನ ಪಕ್ಕ ಬೋರಲಾಗಿ ಕೂತಿತ್ತು. ಅದರಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅದರ ಒಳಮೈ ಬಿಳಿಯದು ಅಂತ ನನಗೆ ಗೊತ್ತಾದದ್ದೇ ಅವತ್ತು.