ಸಕ್ಕರೆಯ ಬಾಗಿಲು

“ನನ್ನ ಗಿಡಗಳೆಲ್ಲಿ?”

ಯಾಲಿನ್‌ಳ ದನಿಗೆ ಲ್ಯಾಬಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಗಿಡ ಬೆಳೆಸುವ ಕೋಣೆಯಲ್ಲಿ ಅವಳ ಶೆಲ್ಫ್ ಖಾಲಿಯಾಗಿತ್ತು.

“ಪಕ್ಕದ ಕೋಣೆಯಲ್ಲಿವೆ. ನಾನೇ ಸಾಗಿಸಿದೆ,” ಎಂದ ಶಾವೊಚೆ. ಅವಳಿಗಿಂತ ಎರಡು ವರ್ಷ ಜೂನಿಯರ್. ಕೈಯಲ್ಲಿನ್ನೂ ಸೋಯಾ ಹಾಲಿನ ಲೋಟ. “ಬೆಳಿಗ್ಗೆ ಬಂದು ನೋಡಿದ್ರೆ ಎ.ಸಿ....”

“ಯಾರನ್ನ ಕೇಳಿ ಮುಟ್ಟಿದೆ? ಇದೇನು ನಿಮ್ಮಪ್ಪನ ಆರ್ಕಿಡ್ ತೋಟಾನಾ?”

ಅವನು ಲೋಟವನ್ನು ಮೇಜಿನ ಮೇಲಿಟ್ಟು ಹೊರನಡೆದ.

ಮೂರು ವರ್ಷಗಳಿಂದ ಯಾಲಿನ್ ತೈನಾನ್‌ನ ಆ ಲ್ಯಾಬಿನಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಎಲೆ ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ, ಆದರೆ ಆ ಸಕ್ಕರೆ ತಾನಾಗಿ ಜೀವಕೋಶ ದಾಟಿ ಹೊರಬರಲಾರದು. ಕೋಶದ ಪೊರೆಯಲ್ಲಿ ಕೆಲವು ಪ್ರೋಟೀನುಗಳು ಬಾಗಿಲಿನಂತೆ ಕೂತಿರುತ್ತವೆ. ಒಳಮುಖವಾಗಿ ತೆರೆದು ಸಕ್ಕರೆಯನ್ನು ಹಿಡಿದು, ಹೊರಮುಖವಾಗಿ ತಿರುಗಿ ಬಿಟ್ಟುಕೊಡುತ್ತವೆ. ಹೂ ಬಿಡುವ ಕಾಲಕ್ಕೆ ಗಿಡದ ತುದಿಗೆ ಆ ಸಕ್ಕರೆ ಬೇಕು. ಹಾಗಿದ್ದರೆ ಬಾಗಿಲು ಹೆಚ್ಚಿಸಿದರೆ ಹೂ ಬೇಗ ಬಂದೀತೇ? ಅವಳ ಶೆಲ್ಫಿನಲ್ಲಿದ್ದದ್ದು ಹಾಗೆ ಬಾಗಿಲು ಹೆಚ್ಚಿಸಿದ ಗಿಡಗಳು, ಸಾಸಿವೆಯ ದೂರದ ನೆಂಟರು. ಇವತ್ತೋ ನಾಳೆಯೋ ಮೊಗ್ಗು ಕಾಣಬೇಕಿತ್ತು. ಅವಳಿಗೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ.

ಊಟ ಸೇರದಿರಲು ಅದೊಂದೇ ಕಾರಣವಲ್ಲವೆಂದು ಅವಳಿಗೂ ಗೊತ್ತಿತ್ತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಎದುರು ಮೇಜಿನಿಂದ ಒಂದು ನೋಟ ಬಂದು ಅವಳ ಕಿವಿಯ ಹಿಂದೆ ಕೂರುತ್ತಿತ್ತು. ತಿರುಗಿದರೆ ಶಾವೊಚೆ ಗಡಿಬಿಡಿಯಲ್ಲಿ ಖಾಲಿ ಟ್ಯೂಬಿಗೆ ಮುಚ್ಚಳ ಹಾಕುತ್ತಿರುತ್ತಿದ್ದ.

ಮಧ್ಯಾಹ್ನ ಗೆಳತಿ ಮೇಹುವಾ ಹೇಳಿದಳು: “ಎ.ಸಿ. ಕೆಟ್ಟು ಕೋಣೆ ಒಲೆ ಆಗಿತ್ತು ಕಣೇ. ನನ್ನ ಗಿಡಗಳೆಲ್ಲ ಬಾಡಿಹೋದ್ವು. ಪುಣ್ಯಾತ್ಮನ ಕಣ್ಣಿಗೆ ಬಿದ್ದಿದ್ದು ನಿನ್ನವು ಮಾತ್ರ!”

ಯಾಲಿನ್‌ಳ ಮುಖ ಬಿಳಿಚಿತು. ಹುಡುಕಿದಳು, ಅವನಿರಲಿಲ್ಲ. ಮರುದಿನವೂ ಅವನ ಕುರ್ಚಿ ಖಾಲಿ.

“ಊರಿಗೆ ಹೋದ,” ಎಂದಳು ಮೇಹುವಾ. “ಓದು ಬಿಟ್ಟು ತೋಟ ನೋಡ್ಕೊಳ್ತಾನಂತೆ.”

ಯಾಲಿನ್ ಮೆಸೇಜ್ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಮೊಗ್ಗು ಬಂದಿತ್ತು. ಬಾಗಿಲು ಹೆಚ್ಚಿಸಿದ ಗಿಡಗಳ ಎಲೆಗಳ ನಡುವೆ ಗುಂಡುಸೂಜಿಯ ತಲೆಯಷ್ಟು ಹಸಿರು. ಪಕ್ಕದ ಟ್ರೇಯ ಮಾಮೂಲಿ ಗಿಡಗಳಲ್ಲಿ ಬರೀ ಎಲೆ. ಶಾವೊಚೆ ಎರಡೂ ಟ್ರೇಗಳನ್ನು ಒಟ್ಟಿಗೇ ಸಾಗಿಸಿ, ಒಂದೇ ಬೆಳಕಿನಡಿ ಇಟ್ಟಿದ್ದ. ಇಲ್ಲದಿದ್ದರೆ ಹೋಲಿಕೆಯೇ ಕೆಟ್ಟುಹೋಗುತ್ತಿತ್ತು. ಮೇಹುವಾ ತಬ್ಬಿಕೊಂಡಳು, ಪ್ರೊಫೆಸರ್ ಬೆನ್ನು ತಟ್ಟಿದರು. ಯಾಲಿನ್‌ಗೆ ಮಾತ್ರ ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಿದಂತಾಗಲಿಲ್ಲ. ಶಾವೊಚೆಯ ಊರಾದ ಹೊಬಿಗೆ ಹೋಗುವ ರೈಲು ಹತ್ತಿದಳು.

ಆರ್ಕಿಡ್ ಸಾಲುಗಳ ಕೊನೆಯಲ್ಲಿ ಅವನು ಬೇರುಗಳ ಸುತ್ತ ಒದ್ದೆ ಪಾಚಿ ಒತ್ತುತ್ತಿದ್ದ.

“ಮೊಗ್ಗು ಬಂತು,” ಎಂದಳು ಏದುಸಿರಿನಲ್ಲೇ.

“ಯಾವುದರಲ್ಲಿ?”

“ಬಾಗಿಲು ಜಾಸ್ತಿ ಇರೋದ್ರಲ್ಲಿ.”

ಅವನ ಮುಖ ಅರಳಿತು, ಮರುಕ್ಷಣ ಬಿಗಿಯಿತು. “ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ? ಫೋನ್ ಮಾಡಬಹುದಿತ್ತು.”

“ಫೋನಿನಲ್ಲಿ ನಿನ್ನ ಮುಖ ಹೀಗೆ ಕಾಣಲ್ಲ.”

ಅವನ ಕೈಯ ಪಾಚಿ ಜಾರಿ ಬಿತ್ತು.

“ಅಷ್ಟು ಜನರೆದುರು ಬೈದೆ. ತಪ್ಪಾಯ್ತು. ಓದು ಬಿಡಬೇಡ ಶಾವೊಚೆ.”

“ನೀವು ಬೈದಿದ್ದಕ್ಕೆ ಬಂದಿದ್ದಲ್ಲ. ಅವತ್ತು ಮೇಹುವಾ ಗಿಡಗಳು ಅಲ್ಲೇ ಬಾಡ್ತಿದ್ವು. ನಂಗೆ ಕಾಣಲೇ ಇಲ್ಲ. ನಿಮ್ಮನ್ನ ಬಿಟ್ಟು ಬೇರೇನೂ ಕಾಣದವನು ಲ್ಯಾಬಿನಲ್ಲಿದ್ದು ಏನು ಮಾಡೋದು?”

ಯಾಲಿನ್ ಬಗ್ಗಿ, ಬಿದ್ದ ಪಾಚಿಯನ್ನೆತ್ತಿ ಕುಂಡದಲ್ಲಿಟ್ಟಳು.

“ಸೋಮವಾರ ಬಂದು ಅವಳಿಗೆ ಹೊಸದಾಗಿ ಬೀಜ ಬಿತ್ತಿ ಕೊಡು,” ಎಂದಳು. “ನಾನೂ ಜೊತೆಗಿರ್ತೀನಿ.”

“ನೀವು ಜೊತೆಗಿದ್ರೆ ಮತ್ತದೇ ಕಥೆ.”

“ಮೊದಲು ಆ ‘ನೀವು’ ಅನ್ನೋದನ್ನ ಬಿಡ್ತೀಯಾ?”

ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ಬಿಟ್ಟೆ. ನೀನು ಅಂದ್ರೆ ನಂಗಿಷ್ಟ, ಯಾಲಿನ್.”

ಅವಳು ಆ ಒದ್ದೆ ಕೈಯನ್ನು ಹಾಗೆಯೇ ಹಿಡಿದುಕೊಂಡಳು. ಮೂರು ದಿನಗಳ ಚಡಪಡಿಕೆ ಅಂಗೈಯಲ್ಲಿ ಬಂದು ನಿಂತು, ಅಲ್ಲೇ ಮಿಡಿಯತೊಡಗಿತು.

ಹೊರಗಿನಿಂದ ಅವನ ತಾಯಿ ಕೂಗಿದರು: “ಏ ಶಾವೊಚೆ, ಆ ಹುಡುಗಿ ಊಟಕ್ಕೆ ಇರ್ತಾಳೇನೋ?”

ಅವನು ಬಾಯಿ ತೆರೆಯುವ ಮೊದಲೇ ಯಾಲಿನ್ ಗಟ್ಟಿಯಾಗಿ ಅಂದಳು:

“ಇರ್ತೀನಿ, ಅತ್ತೆ!”